ಮಗಳಿಗೊಂದು ಪತ್ರ: ಮೊದಲು ಗದ್ದೆ, ಆಮೇಲೆ ಪೇಟೆ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ವಿಯೆಟ್ನಾಂ ಪ್ಲಾನನ್ನು ಅಪ್ಪ, ನಾನು ಇಬ್ಬರೂ ಕೂತು ಓದಿದೆವು. ಎಲ್ಲ ಚೆನ್ನಾಗಿದೆ, ಒಂದು ವಿಷಯ ಬಿಟ್ಟು. ಹನೋಯ್‌ಗೆ ಅಷ್ಟೊಂದು ದಿನ ಇಟ್ಟುಕೊಂಡು, ಉತ್ತರದ ಬೆಟ್ಟದೂರು ಸಾಪಾದ ಗದ್ದೆಗಳಿಗೆ ಒಂದೇ ದಿನ ಕೊಟ್ಟಿದ್ದೀಯಲ್ಲ, ಅದು ನನಗೆ ಸರಿ ಕಾಣಲಿಲ್ಲ. "ಗದ್ದೆ ನಮ್ಮೂರಲ್ಲೂ ಇದೆಯಲ್ಲಮ್ಮ" ಅಂದೆ ಫೋನಿನಲ್ಲಿ. ಎಲ್ಲಿದೆ ಪುಟ್ಟಿ? ನೀನು ಹುಟ್ಟುವ ಹೊತ್ತಿಗೆ ನಮ್ಮ ಮಕ್ಕಿ ಗದ್ದೆಯೆಲ್ಲ ಅಡಿಕೆ ತೋಟವಾಗಿತ್ತು. ಸಸಿ ಕೀಳುವುದು, ಕಟ್ಟು ಕಟ್ಟುವುದು, ಮಳೆಯಲ್ಲಿ ಸಾಲಾಗಿ ನಿಂತು ನಾಟಿ ಮಾಡುವುದು, ಇದ್ಯಾವುದನ್ನೂ ನೀನು ಹತ್ತಿರದಿಂದ ನೋಡಿಲ್ಲ. ಅಜ್ಜಿ ಹೇಳಿದ್ದು ಕೇಳಿದ್ದೀಯ, ಅಷ್ಟೆ. ನಾನು ಆ ಕೆಲಸ ಮಾಡುತ್ತಾ ಬೆಳೆದವಳು. ಅದಕ್ಕೇ ಹೋದ ವರ್ಷ ಜೂನ್‌ನಲ್ಲಿ ನಾವು ಅಲ್ಲಿಗೆ ಹೋದಾಗ ಆ ಗದ್ದೆಗಳನ್ನು ಬಿಟ್ಟು ಬರಲು ನನಗೆ ಮನಸ್ಸೇ ಆಗಲಿಲ್ಲ.

ಮೊದಲು ದಾರಿಯ ಲೆಕ್ಕ ನೋಡು. ಹನೋಯ್‌ನಿಂದ ರಾತ್ರಿ ರೈಲು ಹತ್ತಿದರೆ ಚೀನಾ ಗಡಿಯ ಲಾವೊ ಕಾಯ್ ಊರಿಗೆ ಸುಮಾರು 8 ಗಂಟೆ. ಅಲ್ಲಿಂದ ಸಾಪಾಕ್ಕೆ ಘಾಟಿ ರಸ್ತೆಯಲ್ಲಿ ಇನ್ನೊಂದು ಗಂಟೆ. 2014ರಲ್ಲಿ ಎಕ್ಸ್‌ಪ್ರೆಸ್‌ವೇ ಆದಮೇಲೆ ಜಾಸ್ತಿ ಜನ ಬಸ್ಸಿನಲ್ಲೇ ಹೋಗುತ್ತಾರೆ. ಅದಕ್ಕೂ 5-6 ಗಂಟೆ ಬೇಕು. ಹೋಗಿಬರುವುದಕ್ಕೇ ದಿನವೆಲ್ಲ ಬಸ್ಸಿನಲ್ಲಿ ಕಳೆದರೆ ನೀನು ನೋಡುವುದಾದರೂ ಏನನ್ನು? ಕಮ್ಮಿ ಅಂದರೂ ಎರಡು ರಾತ್ರಿ ಬೆಟ್ಟದಲ್ಲೇ ಇರು. ಅದೂ ಸಾಪಾ ಪೇಟೆಯಲ್ಲಿ ಬೇಡ. ಫ್ರೆಂಚರು ಬೇಸಿಗೆ ಕಳೆಯಲು ಕಟ್ಟಿಕೊಂಡ ಊರು ಅದು, ಸುಮಾರು 1,500 ಮೀಟರ್ ಎತ್ತರದಲ್ಲಿದೆ. ಕಲ್ಲಿನ ಚರ್ಚು ಚೆನ್ನಾಗಿದೆ. ಉಳಿದದ್ದೆಲ್ಲ ಈಗ ಹೋಟೆಲ್ಲುಗಳ ಗಲಾಟೆ. ಕೆಳಗೆ ಮುವಾಂಗ್ ಹೋವಾ ಕಣಿವೆಗೆ ಇಳಿ. ತಾ ವಾನ್ ಹಳ್ಳಿಯಲ್ಲಿ ಮನೆಗಳಲ್ಲೇ ಉಳಿಯಲು ಜಾಗ ಸಿಗುತ್ತದೆ. ಫಾನ್ಸಿಪಾನ್ ಬೆಟ್ಟದ ಕೇಬಲ್ ಕಾರ್ ಸಮಯ ಉಳಿದರೆ ನೋಡು, ಇಲ್ಲದಿದ್ದರೆ ಬೇಡ. ಅರ್ಧ ದಿನ ಮೋಡ ಮುಚ್ಚಿರುತ್ತದೆ.

ಸಾಪಾ ಪೇಟೆಯಿಂದ ಲಾವೊ ಚಾಯ್ ಅನ್ನುವ ಹಳ್ಳಿ ದಾಟಿ ತಾ ವಾನ್ ತನಕ ಸುಮಾರು 12 ಕಿಲೋಮೀಟರ್ ನಡಿಗೆ. ನೀವೇ ಮ್ಯಾಪ್ ಹಿಡಿದುಕೊಂಡು ಹೋಗಬೇಡಿ. ಆ ಊರಿನ ಹ್ಮಾಂಗ್ ಹೆಂಗಸರಲ್ಲೇ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಹ್ಮಾಂಗ್ ಜನ ಕೆಲವು ಶತಮಾನಗಳ ಹಿಂದೆ ಚೀನಾದ ದಕ್ಷಿಣದಿಂದ ಬೆಟ್ಟ ದಾಟಿ ಬಂದವರು. ಅವರ ಮಾತೇ ಬೇರೆ, ವಿಯೆಟ್ನಾಮಿ ಭಾಷೆಯೇ ಬೇರೆ. ಆದರೂ ಅಲ್ಲಿನ ಎಷ್ಟೋ ಹೆಣ್ಣುಮಕ್ಕಳು ಶಾಲೆಯ ಹಂಗಿಲ್ಲದೆ, ಬಂದುಹೋಗುವವರ ಜೊತೆ ಮಾತಾಡಿ ಮಾತಾಡಿಯೇ ಇಂಗ್ಲಿಷ್ ಕಲಿತಿದ್ದಾರೆ. ನಮ್ಮ ಜೊತೆ ಬಂದವಳ ಇಂಗ್ಲಿಷ್ ನನ್ನದಕ್ಕಿಂತ ಎಷ್ಟೋ ಚೆನ್ನಾಗಿತ್ತು.

ಅವಳ ಕೈ ನಾನು ದಿನವೆಲ್ಲ ನೋಡುತ್ತಲೇ ಇದ್ದೆ. ಒಂದು ಗಳಿಗೆ ಸುಮ್ಮನಿರಲಿಲ್ಲ. ಸೊಂಟದಲ್ಲಿ ನಾರಿನ ಒಂದು ಕಟ್ಟು ಸಿಕ್ಕಿಸಿಕೊಂಡಿದ್ದಳು. ನಡೆಯುತ್ತಲೇ ಒಂದು ಎಳೆಯ ತುದಿಗೆ ಇನ್ನೊಂದು ಎಳೆ ಸೇರಿಸಿ ಹೊಸೆಯುತ್ತಿದ್ದಳು. ಅದು ಹೆಂಪ್ ಅನ್ನುವ ಗಿಡದ ನಾರು, ನೋಡಲು ಸೆಣಬಿನ ಹಾಗೆ. ಆ ನೂಲಿನಿಂದಲೇ ಬಟ್ಟೆ ನೇಯುತ್ತಾರೆ, ಮತ್ತೆ ಮತ್ತೆ ನೀಲಿಯಲ್ಲಿ ಅದ್ದಿ ಒಣಗಿಸುತ್ತಾರೆ, ಬಣ್ಣ ಕಪ್ಪಿಗೆ ತಿರುಗುವ ತನಕ. ಅವಳ ಬೆರಳು, ಉಗುರಿನ ಸಂದಿ ಎಲ್ಲ ನೀಲಿ. ದಾರಿ ಜಾರುವ ಕಡೆ ಅದೇ ಕೈಯಿಂದ ನನ್ನ ಮಣಿಕಟ್ಟು ಹಿಡಿದು ಇಳಿಸುತ್ತಿದ್ದಳು.

ನಾವು ಹೋದಾಗ ನಾಟಿ ಸಮಯ. ಗದ್ದೆಗಳ ತುಂಬ ನೀರು, ಬೆಟ್ಟದ ತುದಿಯಿಂದ ಹೊಳೆಯ ತನಕ ಮೆಟ್ಟಿಲು ಮೆಟ್ಟಿಲು. ಫೋಟೋದಲ್ಲಿ ಅದು ನಿನಗೆ ಆಗಲೇ ಗೊತ್ತು. ಫೋಟೋದಲ್ಲಿ ಕಾಣದ್ದು ನೀರಿನ ದಾರಿ. ಮೇಲಿನ ಕಾಡಿನ ತೊರೆಯಿಂದ ಕಾಲುವೆ ತೋಡಿ, ಅಲ್ಲಲ್ಲಿ ಬಿದಿರಿನ ಕೊಳವೆ ಇಟ್ಟು ಮೇಲಿನ ಗದ್ದೆಗೆ ನೀರು ತರುತ್ತಾರೆ. ಪ್ರತಿ ಗದ್ದೆಯ ಅಂಚಿನಲ್ಲೂ ಅಂಗೈ ಅಗಲದ ಒಂದು ಕಂಡಿ ಇರುತ್ತದೆ. ಬೇಕಾದಷ್ಟು ನೀರು ನಿಂತ ಮೇಲೆ ಉಳಿದದ್ದು ಆ ಕಂಡಿಯಿಂದ ಕೆಳಗಿನ ಗದ್ದೆಗೆ. ಅಲ್ಲಿಂದ ಅದರ ಕೆಳಗಿನದಕ್ಕೆ. ಒಂದು ಕಡೆ ನಮ್ಮ ಜೊತೆಯವಳು ಮಾತು ನಿಲ್ಲಿಸದೆ ಬಗ್ಗಿ, ಒಂದು ಹಿಡಿ ಕೆಸರು ತೆಗೆದು ಕಂಡಿಯ ಅರ್ಧ ಮುಚ್ಚಿದಳು. ಅದು ಅವಳ ಗದ್ದೆಯೂ ಅಲ್ಲ. ಪಕ್ಕದ ಮನೆಯವರದ್ದಂತೆ. ನೀರು ಜಾಸ್ತಿ ಹೋಗುತ್ತಿತ್ತು, ಮುಚ್ಚಿದೆ ಅಂದಳು. ನನ್ನ ಅಪ್ಪ, ನಿನ್ನ ಅಜ್ಜ, ಯಾರ ಗದ್ದೆಯಾದರೂ ಸರಿ, ಕಂಡಿ ಕಿತ್ತದ್ದು ಕಂಡರೆ ಗುದ್ದಲಿ ತಂದು ಸರಿ ಮಾಡದೆ ಮುಂದೆ ಹೋಗುತ್ತಿರಲಿಲ್ಲ. ನನಗೆ ಕಣ್ಣು ತುಂಬಿತು ಪುಟ್ಟಿ. ಅಪ್ಪ ನನ್ನ ಮುಖ ನೋಡಿ ಏನೂ ಕೇಳಲಿಲ್ಲ.

ಅದಕ್ಕೇ ಹೇಳುವುದು, ಅಂಚಿನ ಮೇಲೆ ನಡೆಯುವಾಗ ಜೋಪಾನ. ಮಣ್ಣಿನ ಅಂಚು ಒಂದು ಕಡೆ ಕುಸಿದರೆ ಕೆಳಗಿನ ಎಷ್ಟೋ ಗದ್ದೆಗಳಿಗೆ ತೊಂದರೆ. ಪ್ರತಿ ವರ್ಷ ಹುಲ್ಲು ಹೆರೆದು, ಕೆಸರು ಮೆತ್ತಿ ಆ ಅಂಚುಗಳನ್ನು ಹೊಸದು ಮಾಡುತ್ತಾರೆ. ಅಷ್ಟು ಕಡಿದಾದ ಜಾಗಕ್ಕೆ ಟ್ರ್ಯಾಕ್ಟರ್ ಹೋಗುವುದಿಲ್ಲ. ಎಮ್ಮೆ, ಇಲ್ಲದಿದ್ದರೆ ಕೈಯಲ್ಲಿ ನಡೆಸುವ ಚಿಕ್ಕ ಟಿಲ್ಲರ್. ಚಳಿ ಜಾಸ್ತಿಯಾದ್ದರಿಂದ ವರ್ಷಕ್ಕೆ ಒಂದೇ ಬೆಳೆ. ಹನೋಯ್ ಸುತ್ತಿನ ಕೆಂಪು ನದಿಯ ಬಯಲಿನಲ್ಲಿ ಎರಡು ಬೆಳೆ ತೆಗೆಯುತ್ತಾರೆ. ಬೆಟ್ಟದವರಿಗೆ ಆ ಒಂದು ಬೆಳೆ ಕೈಕೊಟ್ಟರೆ ಮತ್ತೊಂದಿಲ್ಲ. ಫೋಟೋಗೆ ಅಂತ ಮಾಗಿದ ಭತ್ತದೊಳಗೆ ಇಳಿದು ನಿಲ್ಲುವವರನ್ನು ಕಂಡರೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ನಿನ್ನ ಗೆಳತಿಯರಿಗೂ ಹೇಳು.

ನೀನು ಹೋಗುವುದು ಸೆಪ್ಟೆಂಬರ್ ಮೊದಲರ್ಧ. ಸಾಪಾದಲ್ಲಿ ಆಗ ಕೊಯ್ಲು. ನಾನು ನೋಡದ್ದನ್ನು ನೀನು ನೋಡುತ್ತೀಯ. ಕೊಯ್ದ ಸೂಡಿಯನ್ನು ಮನೆಗೆ ಹೊರುವುದಿಲ್ಲವಂತೆ, ಗದ್ದೆಯಲ್ಲೇ ದೊಡ್ಡ ಮರದ ಪೆಟ್ಟಿಗೆ ಇಟ್ಟು ಅದರೊಳಗೆ ಬಡಿಯುತ್ತಾರಂತೆ. ಬಡಿಯುವ ಸದ್ದು ಕಣಿವೆಯ ಆಚೆ ದಡಕ್ಕೂ ಕೇಳುತ್ತದೆ ಅಂದಳು ನಮ್ಮ ಜೊತೆ ಬಂದಿದ್ದವಳು. ರಜೆ ಸಿಗದೆ ತಿಂಗಳ ಕೊನೆಗೆ ಹೋಗುವ ಹಾಗಾದರೆ ಸಾಪಾದಲ್ಲಿ ಬರೀ ಕೂಳೆ ಉಳಿದಿರುತ್ತದೆ. ಆಗ ಮು ಕಾಂಗ್ ಚಾಯ್‌ಗೆ ಹೋಗು. ಅಲ್ಲಿ ಪೈರು ತಡವಾಗಿ ಮಾಗುತ್ತದೆ, ಅಕ್ಟೋಬರ್ ಶುರುವಿನ ತನಕ ಹಳದಿ ಇರುತ್ತದೆ.

ಊಟದ ಚಿಂತೆ ಮಾಡಬೇಡ. ಸಾಪಾದಲ್ಲಿ ಸೀಮೆಬದನೆ ರಾಶಿ ರಾಶಿ ಬೆಳೆಯುತ್ತಾರೆ. ಅದರ ಕುಡಿಯನ್ನು ಬೆಳ್ಳುಳ್ಳಿ ಹಾಕಿ ಹುರಿದು ಬಿಸಿ ಅನ್ನದ ಜೊತೆ ಕೊಡುತ್ತಾರೆ. ಅದೊಂದು ಇದ್ದರೆ ನನಗೆ ಬೇರೇನೂ ಬೇಕಾಗಲಿಲ್ಲ. ಆದರೆ ಮೀನಿನ ಸಾಸ್ ಎಲ್ಲದಕ್ಕೂ ಹಾಕುತ್ತಾರೆ, ಮೊದಲೇ ಹೇಳಬೇಕು. "ಆನ್ ಚಾಯ್" ಅಂದರೆ ಸಸ್ಯಾಹಾರ ಅಂತ ಅವರಿಗೆ ಗೊತ್ತಾಗುತ್ತದೆ. ಚಾಂದ್ರಮಾನದ ತಿಂಗಳ ಮೊದಲ ದಿನ, ಹದಿನೈದನೇ ದಿನ ಅಲ್ಲಿ ತುಂಬ ಜನ ತಾವೇ ಸಸ್ಯಾಹಾರ ಮಾಡುತ್ತಾರೆ. ಹನೋಯ್‌ನಲ್ಲಿ ಅದಕ್ಕೇ ಬೇರೆ ಹೋಟೆಲ್ಲುಗಳಿವೆ.

ಕೊಳ್ಳುವ ವಿಷಯ. ದಾರಿಯುದ್ದಕ್ಕೂ ಹೆಂಗಸರು ಕಸೂತಿ ಚೀಲ, ಬಳೆ ಹಿಡಿದು ಜೊತೆಗೇ ಬರುತ್ತಾರೆ. ನಿನಗೆ ನಿಜವಾಗಿ ಬೇಕಾದದ್ದನ್ನು, ಅದನ್ನು ಹೊಲಿದವರ ಕೈಯಿಂದಲೇ ತಗೋ. ಹತ್ತು ರೂಪಾಯಿಗೆ ಚೌಕಾಸಿ ಮಾಡಬೇಡ. ಮಕ್ಕಳು ಮಾರಲು ಬಂದರೆ ಮಾತ್ರ ತಗೋಬೇಡ, ಎಷ್ಟು ಮುದ್ದಾಗಿ ಕೇಳಿದರೂ. ದುಡ್ಡು ಸಿಗುತ್ತದೆ ಅಂತಾದರೆ ಆ ಮಕ್ಕಳನ್ನು ಶಾಲೆ ಬಿಡಿಸಿ ಬೀದಿಗೆ ಕಳಿಸುತ್ತಾರೆ. ಜೊತೆಗೆ ಬಂದವಳಿಗೆ ಕೂಲಿಯನ್ನು ಅವಳ ಕೈಗೇ ಕೊಡು, ಅವಳ ಮನೆಯಲ್ಲಿ ಊಟ ಮಾಡಿದರೆ ಅದಕ್ಕೂ ಬೇರೆ ಕೊಡು. ನಾವೆಲ್ಲ ಅಷ್ಟು ದೂರ ಹೋಗಿ ನೋಡುವುದು ಅವರ ಕೈಕೆಲಸವನ್ನೇ ಅಲ್ವಾ? ಟಿಕೆಟ್ಟು, ಕೇಬಲ್ ಕಾರ್, ದೊಡ್ಡ ಹೋಟೆಲ್ಲು, ಎಲ್ಲಕ್ಕೂ ಸಲೀಸಾಗಿ ಕೊಟ್ಟು ಗದ್ದೆ ಮಾಡುವವರ ಹತ್ತಿರ ಮಾತ್ರ ಕೈ ಬಿಗಿ ಹಿಡಿಯುವುದು ನನಗೆ ಹಿಡಿಸುವುದಿಲ್ಲ.

ದಿನ ಜಾಸ್ತಿ ಇಡು ಅನ್ನುವುದಷ್ಟೇ ಅಲ್ಲ, ಬೆಟ್ಟ ಮೊದಲು, ಹನೋಯ್ ಆಮೇಲೆ ನೋಡು ಅನ್ನುತ್ತೇನೆ. ಅದಕ್ಕೂ ಒಂದು ಕಾರಣ ಇದೆ. ಸಾಪಾದ ಮೇಲಿನ ಹೋವಾಂಗ್ ಲಿಯೆನ್ ಕಾಡಿನಲ್ಲಿ ಮರದ ನೆರಳಲ್ಲಿ ದೊಡ್ಡ ಏಲಕ್ಕಿ ಬೆಳೆಯುತ್ತಾರೆ. ಕೊಯ್ದು, ಸೌದೆ ಬೆಂಕಿಯ ಹೊಗೆಯಲ್ಲಿ ಒಣಗಿಸುತ್ತಾರೆ. ಹನೋಯ್‌ನ ಫೋ ಅಂಗಡಿಗಳಲ್ಲೂ, ಅಂದರೆ ಮಾಂಸದ ಸಾರಿನಲ್ಲಿ ಅಕ್ಕಿ ಶ್ಯಾವಿಗೆ ಕೊಡುವ ಕಡೆ, ಅಂಥ ಏಲಕ್ಕಿಯನ್ನೇ ಹಾಕುತ್ತಾರೆ. ಬೆಳಗಿನ ಜಾವ ಆ ಪೇಟೆಯ ಗಲ್ಲಿಯಲ್ಲಿ ನಡೆದರೆ ಕುದಿಯುವ ದೊಡ್ಡ ಪಾತ್ರೆಗಳಿಂದ ಬರುವ ಹೊಗೆಯ ಘಮ ಅದರದ್ದೇ. ನಾವು ಆ ಸಾರು ಕುಡಿಯುವುದಿಲ್ಲ, ಆದರೆ ವಾಸನೆ ಮೂಗಿಗೆ ಬಂದ ಕೂಡಲೇ ಬೆಟ್ಟದ ದಾರಿ ನೆನಪಾಯಿತು. ಮೊದಲು ಹನೋಯ್ ನೋಡಿದ್ದರೆ ಅದು ಯಾವುದೋ ಮಸಾಲೆ ಅಂತ ದಾಟಿ ಹೋಗುತ್ತಿದ್ದೆ.

ನೀನು ಬೆಳಗ್ಗೆ ಹುಡುಕಬೇಕಾದ್ದು ಸೋಯ್ ಸೇವ್. ಅರಿಶಿನ ಹಾಕಿದ ಅಂಟಕ್ಕಿ ಅನ್ನ. ನಾನು ನೋಡಿದ ಹೆಂಗಸು ಫುಟ್‌ಪಾತಿನಲ್ಲಿ ಬುಟ್ಟಿ ಇಟ್ಟು ಕೂತಿದ್ದಳು. ಬೇಯಿಸಿ ಅರೆದ ಹೆಸರುಬೇಳೆಯನ್ನು ಗಟ್ಟಿ ಉಂಡೆ ಮಾಡಿಕೊಂಡು, ಎಡಗೈಯಲ್ಲಿ ಎತ್ತಿ ಹಿಡಿದು, ಚಾಕುವಿನಿಂದ ತೆಳ್ಳಗೆ ಅನ್ನದ ಮೇಲೆ ಹೆರೆಯುತ್ತಿದ್ದಳು. ಮೇಲೆ ಹುರಿದ ಸಣ್ಣ ಈರುಳ್ಳಿ. ಎಲೆಯಲ್ಲಿ ಕಟ್ಟಿ ಕೈಗಿಟ್ಟಳು. ಮೇಲೆ ಸುರಿಯುವ ಎಣ್ಣೆಯಲ್ಲಿ ಕೋಳಿ ಕೊಬ್ಬು ಇರುವುದುಂಟು, ಬೇಡ ಅಂತ ಮೊದಲೇ ಕೈ ಅಡ್ಡ ಹಿಡಿ. ಅದನ್ನು ತಿಂದರೆ ಮಧ್ಯಾಹ್ನದ ತನಕ ಹಸಿವಿಲ್ಲ.

ಹನೋಯ್‌ಗೆ ನಾನು ಮನಸೋತದ್ದು ಸುಳ್ಳಲ್ಲ. 1010ರಲ್ಲಿ ಲಿ ಥಾಯ್ ತೋ ರಾಜ ರಾಜಧಾನಿ ತಂದ ಊರು, ಸಾವಿರ ವರ್ಷದ ಹಳತು. ಹಳೇ ಪೇಟೆಯಲ್ಲಿ ಒಂದೊಂದು ಕಸುಬಿಗೆ ಒಂದೊಂದು ಬೀದಿ. ಹಾಂಗ್ ಬಾಕ್‌ನಲ್ಲಿ ಬೆಳ್ಳಿ, ಹಾಂಗ್ ಮಾದಲ್ಲಿ ಪೂಜೆಯ ಕಾಗದದ ಸಾಮಾನು, ಹಾಂಗ್ ಥಿಯೆಕ್‌ನಲ್ಲಿ ಈಗಲೂ ತಗಡು ಬಡಿಯುತ್ತಾರೆ. ಮನೆಗಳ ಮುಂಭಾಗ ಕಿರಿದು, ಒಳಗೆ ಉದ್ದಕ್ಕೆ ಹೋಗುತ್ತಲೇ ಇರುತ್ತವೆ. ಹೋವಾನ್ ಕಿಯೆಮ್ ಕೆರೆಯ ಸುತ್ತ ವಾರಾಂತ್ಯದಲ್ಲಿ ಗಾಡಿ ಬಿಡುವುದಿಲ್ಲ. ಮಕ್ಕಳು, ಮುದುಕರು, ಎಲ್ಲರೂ ರಸ್ತೆಯಲ್ಲೇ. ಆ ಸಂಜೆ ತಪ್ಪಿಸಿಕೊಳ್ಳಬೇಡ.

ಬೇರೆ ದಿನ ರಸ್ತೆ ದಾಟುವುದೇ ದೊಡ್ಡ ಕೆಲಸ. ಬೈಕುಗಳು ನಿಲ್ಲುವುದೇ ಇಲ್ಲ. ತುಂಬಿದ ಹೊಳೆ ದಾಟುವ ಹಾಗೆ ದಾಟಬೇಕು: ನಿಧಾನ, ಒಂದೇ ಸಮ, ಓಡಬಾರದು, ಹಿಂದೆ ಹೆಜ್ಜೆ ಇಡಬಾರದು. ಬೈಕಿನವರು ನಿನ್ನ ನಡಿಗೆ ನೋಡಿ ಪಕ್ಕಕ್ಕೆ ಸರಿಯುತ್ತಾರೆ. ಬಸ್ಸು, ಕಾರು ಸರಿಯುವುದಿಲ್ಲ, ಅವು ಹೋಗುವ ತನಕ ಕಾಯಿ. ದುಡ್ಡು ಕೊಡುವಾಗಲೂ ನೋಡಿ ಕೊಡು. 20,000 ಡಾಂಗ್, 5,00,000 ಡಾಂಗ್ ಎರಡೂ ನೋಟು ನೀಲಿ ಬಣ್ಣ. ಬೇರೆ ಬೇರೆ ಇಟ್ಟುಕೋ.

ಲಾಂಗ್ ಬಿಯೆನ್ ಸೇತುವೆಗೆ ಬೆಳಗ್ಗೆ ಬೇಗ ಹೋಗು. ಫ್ರೆಂಚರ ಕಾಲದ್ದು, 1902ರಲ್ಲಿ ಮುಗಿದದ್ದು. ಯುದ್ಧದಲ್ಲಿ ಅಮೆರಿಕದ ಬಾಂಬು ಎಷ್ಟೋ ಸಲ ಬಿತ್ತು, ಎಷ್ಟೋ ಸಲ ರಿಪೇರಿ ಮಾಡಿದರು. ಕೆಲವು ಕಡೆ ಮೇಲೆ ಹಳೇ ಕಬ್ಬಿಣದ ಎತ್ತರದ ಚೌಕಟ್ಟು ಇದೆ, ಕೆಲವು ಕಡೆ ಇಲ್ಲ. ಬಾಂಬು ಬಿದ್ದದ್ದು ಎಲ್ಲಿ ಅಂತ ನೋಡಿದರೇ ತಿಳಿಯುತ್ತದೆ. ಮಧ್ಯೆ ರೈಲು, ಪಕ್ಕದಲ್ಲಿ ತರಕಾರಿ ಹೇರಿದ ಬೈಕು. ಜನಾಂಗಗಳ ಮ್ಯೂಸಿಯಂ ಪೇಟೆಯಿಂದ ಸ್ವಲ್ಪ ದೂರ, ಆದರೂ ಹೋಗು. ಅಂಗಳದಲ್ಲಿ ಬೆಟ್ಟದ ಜನರ ಮನೆಗಳನ್ನು ಇದ್ದ ಹಾಗೇ ಕಟ್ಟಿದ್ದಾರೆ, ಹ್ಮಾಂಗ್ ಮನೆಯೂ ಇದೆ. ಹಳ್ಳಿಯಲ್ಲಿ ಉಳಿದು ಬಂದವರಿಗೆ ಅಲ್ಲಿ ಒಂದೊಂದು ಸಾಮಾನೂ ಗುರುತು ಸಿಗುತ್ತದೆ.

ಕೊನೆಗೆ ಹವಾಮಾನ. ಇದನ್ನು ಹಗುರವಾಗಿ ತಗೋಬೇಡ. 2024ರ ಸೆಪ್ಟೆಂಬರ್ 7ರಂದು ಯಾಗಿ ಚಂಡಮಾರುತ ಬಂತು. ಮೂರು ದಿನದ ಮೇಲೆ ಸಾಪಾ ಇರುವ ಅದೇ ಲಾವೊ ಕಾಯ್ ಪ್ರಾಂತ್ಯದಲ್ಲಿ ಲಾಂಗ್ ನು ಅನ್ನುವ ಹಳ್ಳಿಯನ್ನು ಗುಡ್ಡದ ಮಣ್ಣು, ನೀರು ಕೊಚ್ಚಿಕೊಂಡು ಹೋಯಿತು. ಹತ್ತಾರು ಜನ ಸತ್ತರು. ನಮ್ಮ ಕೊಡಗಿನಲ್ಲಿ 2018ರಲ್ಲಿ ಗುಡ್ಡ ಕುಸಿದದ್ದು ನೀನು ಮರೆತಿಲ್ಲ. ಚಂಡಮಾರುತದ ಸುದ್ದಿ ಇದ್ದರೆ, ಇಲ್ಲವೇ ಹಳ್ಳಿಯವರು ಬೇಡ ಅಂದರೆ, ಕೊಟ್ಟ ದುಡ್ಡು ಹೋದರೂ ಸರಿ, ಬೆಟ್ಟಕ್ಕೆ ಹೋಗಬೇಡ. ನಿನ್ನ ಗೆಳತಿಯರು ಏನಂದರೂ ಸರಿ.

ಮಳೆ ಇಲ್ಲದಿದ್ದರೆ ಹೊರಡು. ಗದ್ದೆಯಲ್ಲಿ ಯಾರಾದರೂ ಭತ್ತ ಬಡಿಯುತ್ತಿದ್ದರೆ ಕೇಳಿಕೊಂಡು ಹತ್ತಿರ ಹೋಗು. ಆ ಮರದ ಪೆಟ್ಟಿಗೆಯ ಫೋಟೋ ಕಳಿಸು, ಒಳಗಿನದ್ದೂ ಕಾಣಬೇಕು. ಬಡಿದ ಕಾಳು ಹೊರಗೆ ಚೆಲ್ಲದ ಹಾಗೆ ಹೇಗೆ ಮಾಡಿದ್ದಾರೆ ಅಂತ ಅಪ್ಪನಿಗೆ ನೋಡಬೇಕಂತೆ.

ನಿನ್ನ
ಅಮ್ಮ