ಗೆಳೆಯನಿಗೊಂದು ಪತ್ರ: ಅಕ್ಟೋಬರ್ 4ರ ಮರುದಿನ 15

ಪ್ರಿಯ ಗೆಳೆಯಾ,

ಚರ್ಚಿನ ಪತ್ರಿಕೆಗೆ ‘ಇತಿಹಾಸದಲ್ಲಿ ಈ ದಿನ’ ಬರೆಯಲು ಒಪ್ಪಿಕೊಂಡಿದ್ದೀಯಲ್ಲ, ಅಕ್ಟೋಬರ್ 4ರಿಂದಲೇ ಶುರು ಮಾಡು. ತಾರೀಖು ಎಲ್ಲೆಲ್ಲಿ ಕೈಕೊಡುತ್ತದೆ ಎಂಬುದನ್ನು ಇಷ್ಟು ಚೆನ್ನಾಗಿ ತೋರಿಸಿಕೊಡುವ ದಿನ ಅಪರೂಪ.

ಅಂದು ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬ. ಆದರೆ ಅವರು ತೀರಿಕೊಂಡದ್ದು 1226ರ ಅಕ್ಟೋಬರ್ 3ರ ಸಂಜೆ, ಪೊರ್ಜಿಯುಂಕೊಲಾ ಎಂಬ ಪುಟ್ಟ ಪ್ರಾರ್ಥನಾಲಯದ ಮಗ್ಗುಲಲ್ಲಿ. ಇದರಲ್ಲಿ ಯಾರ ತಪ್ಪೂ ಇಲ್ಲ. ನಮ್ಮ ಪಂಚಾಂಗದ ದಿನ ಸೂರ್ಯೋದಯಕ್ಕೆ ಹುಟ್ಟುತ್ತದೆ. ಅಂದಿನ ಇಟಲಿಯಲ್ಲಿ ಸೂರ್ಯಾಸ್ತಕ್ಕೆ ಹುಟ್ಟುತ್ತಿತ್ತು. ಹೊತ್ತು ಮುಳುಗಿದ ಮೇಲೆ ಅವರ ಲೆಕ್ಕಕ್ಕೆ ಆಗಲೇ 4. ನೀನು ‘ಮರಣ: 3ರ ಸಂಜೆ, ಹಬ್ಬ: 4’ ಎಂದೇ ಬರೆ. 2020ರಲ್ಲಿ ಪೋಪ್ ಫ್ರಾನ್ಸಿಸ್ ‘ಫ್ರತೆಲ್ಲಿ ತುತ್ತಿ’ ಎಂಬ ಬೋಧನಾಪತ್ರಕ್ಕೆ ಸಹಿ ಹಾಕಿದ್ದು 3ರಂದು ಇದೇ ಸಂತರ ಸಮಾಧಿಯ ಬಳಿ, ಹೊರಬಂದದ್ದು 4ರಂದು. ಪಟ್ಟಿ ಮಾಡುವವರು ಇಲ್ಲಿಯೂ ಎಡವುತ್ತಾರೆ.

ಈಗ 1582. ಹಳೆಯ ಜೂಲಿಯನ್ ಕ್ಯಾಲೆಂಡರು ವರ್ಷಕ್ಕೆ 365 ದಿನ 6 ಗಂಟೆ ಹಿಡಿಯುತ್ತಿತ್ತು. ಸೂರ್ಯನ ವರ್ಷ ಅದಕ್ಕಿಂತ ಸುಮಾರು 11 ನಿಮಿಷ ಕಡಿಮೆ. ಹನ್ನೊಂದು ನಿಮಿಷ ಏನು ಮಹಾ ಅನ್ನಿಸಬಹುದು. ಸುಮಾರು 128 ವರ್ಷಕ್ಕೆ ಅದೇ ಒಂದು ದಿನವಾಗುತ್ತದೆ. ನೈಸಿಯಾದಲ್ಲಿ ಚರ್ಚಿನ ಮಹಾಸಭೆ ನಡೆದ 325ರ ಸುಮಾರಿಗೆ ಮಾರ್ಚ್ 21ಕ್ಕಿದ್ದ ವಸಂತ ವಿಷುವ, ಅಂದರೆ ಹಗಲು ರಾತ್ರಿ ಸಮವಾಗುವ ದಿನ, 1582ರ ಹೊತ್ತಿಗೆ ಮಾರ್ಚ್ 11ಕ್ಕೆ ಸರಿದಿತ್ತು. ಆ 21ನ್ನೇ ಆಧಾರ ಮಾಡಿಕೊಂಡು, ಅಂದು ಅಥವಾ ಅದರ ನಂತರ ಬರುವ ಹುಣ್ಣಿಮೆಯ ಮುಂದಿನ ಭಾನುವಾರ ಈಸ್ಟರ್ ಎಂದು ಎಣಿಸುತ್ತಿದ್ದರಿಂದ ಹಬ್ಬವೇ ಋತು ತಪ್ಪತೊಡಗಿತು.

ಪೋಪ್ 13ನೇ ಗ್ರೆಗರಿ ಫೆಬ್ರವರಿ 24ರ ಆಜ್ಞಾಪತ್ರದಲ್ಲಿ ಹತ್ತು ದಿನ ತೆಗೆದುಹಾಕಿದರು. ಸಂತ ಫ್ರಾನ್ಸಿಸರ ಹಬ್ಬದ ಮರುದಿನವನ್ನು 15 ಎಂದು ಕರೆಯಬೇಕು ಎಂದು ಹಬ್ಬವನ್ನು ಹೆಸರಿಸಿಯೇ ಬರೆಯಲಾಗಿದೆ. ಗುರುವಾರ 4, ಶುಕ್ರವಾರ 15. ವಾರದ ಸರಪಳಿ ಕಡಿಯಲಿಲ್ಲ. ತಿಂಗಳ, ವರ್ಷದ ಪಾವತಿಗಳಲ್ಲಿ ಯಾರಿಗೂ ನಷ್ಟವಾಗದಂತೆ ವ್ಯಾಜ್ಯ ಬಂದರೆ ನ್ಯಾಯಾಧೀಶರು ಗಡುವಿಗೆ ಹತ್ತು ದಿನ ಸೇರಿಸಬೇಕು ಎಂಬ ಮಾತೂ ಅದರಲ್ಲಿದೆ. ಈ ಸಾಲನ್ನು ಬಿಡಬೇಡ. ಸಾಲಗಾರರ ಚಿಂತೆಯನ್ನೂ ನೆನೆದ ಪತ್ರ ಅದು.

ಆ ಗುರುವಾರದ ರಾತ್ರಿಯೇ ಸ್ಪೇನಿನ ಆಲ್ಬಾ ದೆ ತೋರ್ಮೆಸ್ ಊರಿನ ಕಾರ್ಮೆಲ್ ಮಠದಲ್ಲಿ ಅವಿಲಾದ ಸಂತ ತೆರೇಸಾ 67ನೇ ವಯಸ್ಸಿನಲ್ಲಿ ಕಣ್ಣು ಮುಚ್ಚಿದರು. ಮಣ್ಣು ಮಾಡಿದ್ದು ಮಾರನೆಯ ದಿನವೇ, ಅಂದರೆ 15ರಂದು. ಶವವನ್ನು ಹನ್ನೊಂದು ದಿನ ಇಟ್ಟಿದ್ದರು ಎಂದು ಯಾರಾದರೂ ಬರೆದರೆ ನಂಬಬೇಡ, ಅದು ಬರೀ ಕಳೆಯುವ ಲೆಕ್ಕದ ಎಡವಟ್ಟು. ಅವರ ಹಬ್ಬ ಇಂದಿಗೂ 15ಕ್ಕೇ.

ಇದೇ ತಾರೀಖಿಗೆ ಮೈಲ್ಸ್ ಕವರ್‌ಡೇಲರ ಬೈಬಲ್ಲನ್ನೂ ಸೇರಿಸು. ಇಂಗ್ಲಿಷಿನಲ್ಲಿ ಅಚ್ಚಾದ ಮೊದಲ ಪೂರ್ಣ ಬೈಬಲ್ ಅದು. ಅಚ್ಚು 1535ರ ಅಕ್ಟೋಬರ್ 4ರಂದು ಮುಗಿಯಿತು ಎಂದು ಪುಸ್ತಕದ ಕೊನೆಯಲ್ಲೇ ಇದೆ. ಹೊಸ ಲೆಕ್ಕಕ್ಕೆ ಅದು 14 ಆಗುತ್ತದೆ, ಆದರೆ ನೀನು ಬದಲಾಯಿಸಬೇಡ. ಒಬ್ಬರು ಬದಲಾಯಿಸಿ, ಇನ್ನೊಬ್ಬರು ಹಾಗೇ ಬಿಟ್ಟರೆ ಒಂದೇ ಘಟನೆ ಎರಡು ದಿನಗಳ ಪಟ್ಟಿಗಳಲ್ಲಿ ಕೂರುತ್ತದೆ. ದಾಖಲೆಯಲ್ಲಿದ್ದಂತೆ ಕೊಟ್ಟು ‘ಹಳೆಯ ಲೆಕ್ಕ’ ಎಂದು ಬರೆದರೆ ಸಾಕು. 1965ರ ಅಕ್ಟೋಬರ್ 4ರಂದು ಪೋಪ್ 6ನೇ ಪೌಲರು ವಿಶ್ವಸಂಸ್ಥೆಯಲ್ಲಿ ಫ್ರೆಂಚಿನಲ್ಲಿ ಮಾತಾಡಿ, ಇನ್ನೆಂದೂ ಯುದ್ಧ ಬೇಡ ಎಂದು ಕೇಳಿಕೊಂಡದ್ದಕ್ಕೆ ಈ ತೊಡಕು ಯಾವುದೂ ಇಲ್ಲ.

ಕೊನೆಗೊಂದು ಪರೀಕ್ಷೆ. 1582ರ ಅಕ್ಟೋಬರ್ 5ರಿಂದ 14ರೊಳಗೆ ರೋಮಿನಲ್ಲೋ ಸ್ಪೇನಿನಲ್ಲೋ ಏನೋ ನಡೆಯಿತು ಎಂದು ಕಂಡರೆ ಅದನ್ನು ಪಕ್ಕಕ್ಕಿಡು, ಅಲ್ಲಿ ಆ ದಿನಗಳೇ ಇರಲಿಲ್ಲ. ಇಂಗ್ಲೆಂಡಿನ ಸುದ್ದಿಯಾದರೆ ಇಟ್ಟುಕೊ. ಅವರು ಹೊಸ ಲೆಕ್ಕಕ್ಕೆ ಬಂದದ್ದು 1752ರಲ್ಲಿ, ಸೆಪ್ಟೆಂಬರ್ 2ರ ಮರುದಿನವನ್ನು 14 ಮಾಡಿ.

ನಿನ್ನ ಗೆಳೆಯ