ತಾರೀಕು ಕೊಡಿ, ಜೊತೆಗೆ ಅದು ಯಾರ ಲೆಕ್ಕವೆಂದೂ ಹೇಳಿ

ಮಾನ್ಯರೇ,

ನಿಮ್ಮ ಪತ್ರಿಕೆಯ ‘ಇತಿಹಾಸದಲ್ಲಿ ಈ ದಿನ’ ಅಂಕಣವನ್ನು ತಪ್ಪದೆ ಓದುವವರಲ್ಲಿ ನಾನೂ ಒಬ್ಬ. ಯುದ್ಧ, ಒಪ್ಪಂದ, ಆವಿಷ್ಕಾರ, ಗಣ್ಯರ ಹುಟ್ಟು ಸಾವು ಎಲ್ಲವನ್ನೂ ಅಂಗೈಯಗಲದ ಜಾಗದಲ್ಲಿ ಹಿಡಿಸುವುದು ಸುಲಭದ ಕೆಲಸವಲ್ಲ. ಆದರೂ ನನ್ನದೊಂದು ತಕರಾರಿದೆ. ಅಂಕಣವು ತಾರೀಕನ್ನು ಕೊಡುತ್ತದೆಯೇ ಹೊರತು ಆ ತಾರೀಕು ಯಾವ ಕ್ಯಾಲೆಂಡರಿನದು, ಯಾವ ದೇಶದ ಗಡಿಯಾರದ್ದು ಎಂದು ಹೇಳುವುದೇ ಇಲ್ಲ. ಕೊಂಕು ತೆಗೆಯಲೆಂದು ಹೀಗೆ ಬರೆಯುತ್ತಿಲ್ಲ. ‘ಒಂದೇ ದಿನ’ ಎಂದು ನೀವು ಜೋಡಿಸುವ ಎರಡು ಘಟನೆಗಳು ನಿಜಕ್ಕೂ ಒಂದೇ ದಿನ ನಡೆದವೇ ಎಂಬುದು ಇದನ್ನೇ ಅವಲಂಬಿಸಿದೆ.

ಏಪ್ರಿಲ್ 23ನ್ನೇ ನೋಡಿ. ಶೇಕ್ಸ್‌ಪಿಯರ್ ಮತ್ತು ಸ್ಪೇನಿನ ಕಾದಂಬರಿಕಾರ ಸರ್ವಾಂಟಿಸ್ 1616ರಲ್ಲಿ ಇದೇ ದಿನ ತೀರಿಕೊಂಡರು ಎಂಬ ಸಾಲು ಎಷ್ಟೋ ಕಡೆ ಅಚ್ಚಾಗುತ್ತಲೇ ಇರುತ್ತದೆ. ಹಳೆಯ ಜೂಲಿಯನ್ ಕ್ಯಾಲೆಂಡರಿನ ವರ್ಷವು ಸೂರ್ಯನ ಲೆಕ್ಕದ ವರ್ಷಕ್ಕಿಂತ ಸುಮಾರು 11 ನಿಮಿಷ ಉದ್ದ. ಶತಮಾನಗಳು ಕಳೆದಂತೆ ಈ ನಿಮಿಷಗಳು ದಿನಗಳಾಗಿ ಬೆಳೆದವು. ಅದನ್ನು ಸರಿಪಡಿಸಲು ಪೋಪ್ ಹದಿಮೂರನೆಯ ಗ್ರೆಗರಿ 1582ರಲ್ಲಿ ಹತ್ತು ದಿನಗಳನ್ನೇ ತೆಗೆದುಹಾಕಿಸಿದರು. ಆ ವರ್ಷ ಸ್ಪೇನಿನಲ್ಲಿ ಅಕ್ಟೋಬರ್ 4ರ ರಾತ್ರಿ ಮಲಗಿದವರು ಎದ್ದದ್ದು ಅಕ್ಟೋಬರ್ 15ರ ಬೆಳಿಗ್ಗೆ. ಪೋಪರ ಮಾತಿಗೆ ಸೊಪ್ಪು ಹಾಕದ ಇಂಗ್ಲೆಂಡ್ ಮಾತ್ರ 1752ರವರೆಗೂ ಹಳೆಯ ಲೆಕ್ಕವನ್ನೇ ಹಿಡಿದು ಕೂತಿತ್ತು. ಹಾಗಾಗಿ ಶೇಕ್ಸ್‌ಪಿಯರ್ ಕಣ್ಣುಮುಚ್ಚಿದಾಗ ಸ್ಪೇನಿನಲ್ಲಿ ಮೇ 3. ಸರ್ವಾಂಟಿಸ್ ಹೋಗಿ ಆಗಲೇ ಹತ್ತು ದಿನ ದಾಟಿತ್ತು. ದಾಟಿತ್ತು ಎನ್ನಲು ಕಾರಣವಿದೆ: ಅವರು ತೀರಿಕೊಂಡದ್ದು 22ರಂದು, 23 ಅಂತ್ಯಕ್ರಿಯೆಯ ದಾಖಲೆಯ ದಿನ ಎಂಬುದು ಈಗ ಬಹುತೇಕ ವಿದ್ವಾಂಸರ ಅಭಿಪ್ರಾಯ. ಯುನೆಸ್ಕೊ 1995ರಲ್ಲಿ ಏಪ್ರಿಲ್ 23ನ್ನು ವಿಶ್ವ ಪುಸ್ತಕ ದಿನವೆಂದು ಘೋಷಿಸಿದ್ದಕ್ಕೆ ನನ್ನ ಆಕ್ಷೇಪವೇನೂ ಇಲ್ಲ. ಇಬ್ಬರನ್ನೂ ಒಂದೇ ದಿನ ನೆನೆಯೋಣ. ಆದರೆ ಒಂದೇ ದಿನ ಸಾಯಿಸುವುದು ಬೇಡ.

ಗೆಲಿಲಿಯೊ ಸತ್ತ ವರ್ಷವೇ ನ್ಯೂಟನ್ ಹುಟ್ಟಿದ ಎಂಬುದು ಇನ್ನೂ ಸ್ವಾರಸ್ಯದ ಪ್ರಕರಣ. ಗೆಲಿಲಿಯೊ ತೀರಿಕೊಂಡದ್ದು ಇಟಲಿಯ ಹೊಸ ಲೆಕ್ಕದಲ್ಲಿ 1642ರ ಜನವರಿ 8. ನ್ಯೂಟನ್ ಹುಟ್ಟಿದ್ದು ಇಂಗ್ಲೆಂಡಿನ ಹಳೆಯ ಲೆಕ್ಕದಲ್ಲಿ 1642ರ ಡಿಸೆಂಬರ್ 25. ಇಬ್ಬರನ್ನೂ ಹೊಸ ಲೆಕ್ಕಕ್ಕೆ ತಂದರೆ ನ್ಯೂಟನ್ ಜನನ 1643ರ ಜನವರಿ 4ಕ್ಕೆ ಹೋಗುತ್ತದೆ. ಹಳೆಯ ಲೆಕ್ಕಕ್ಕೆ ತಂದರೆ ಗೆಲಿಲಿಯೊ ಮರಣ 1641ರ ಡಿಸೆಂಬರಿಗೆ ಸರಿಯುತ್ತದೆ. ಯಾವ ಕ್ಯಾಲೆಂಡರನ್ನು ನೆಚ್ಚಿಕೊಂಡರೂ ವರ್ಷ ಕೂಡಿಬರುವುದಿಲ್ಲ. ಕೂಡಿಬರಬೇಕಾದರೆ ಒಬ್ಬರಿಗೊಂದು ಲೆಕ್ಕ, ಇನ್ನೊಬ್ಬರಿಗೊಂದು ಲೆಕ್ಕ ಹಚ್ಚಬೇಕು!

ಗಡಿಯಾರದ ತೊಡಕು ಇತ್ತೀಚಿನ ಘಟನೆಗಳನ್ನೂ ಬಿಟ್ಟಿಲ್ಲ. ನೀಲ್ ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ಕಾಲಿಟ್ಟಾಗ ಅಮೆರಿಕದಲ್ಲಿ 1969ರ ಜುಲೈ 20ರ ರಾತ್ರಿ, ಗ್ರೀನಿಚ್ ಕಾಲಮಾನದಲ್ಲಿ 21ರ ನಸುಕು. ಪರ್ಲ್ ಹಾರ್ಬರ್ ದಾಳಿ ಹವಾಯಿಯಲ್ಲಿ ಡಿಸೆಂಬರ್ 7, ದಾಳಿ ಮಾಡಿದ ಜಪಾನಿನಲ್ಲಿ 8.

ಹಾಗೆಂದು ನಿಜವಾದ ಕಾಕತಾಳೀಯಗಳೇ ಇಲ್ಲವೆಂದಲ್ಲ. ಡಾರ್ವಿನ್ ಮತ್ತು ಲಿಂಕನ್ ಇಬ್ಬರೂ 1809ರ ಫೆಬ್ರುವರಿ 12ರಂದೇ ಹುಟ್ಟಿದರು. ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸರಿಯಾಗಿ 50 ವರ್ಷ ತುಂಬಿದ 1826ರ ಜುಲೈ 4ರಂದು, ಅದಕ್ಕೆ ಸಹಿ ಹಾಕಿದ್ದ ಜೆಫರ್ಸನ್ ಮತ್ತು ಜಾನ್ ಆಡಮ್ಸ್ ಕೆಲವೇ ಗಂಟೆಗಳ ಅಂತರದಲ್ಲಿ ತೀರಿಕೊಂಡರು. ಇದರಲ್ಲಿ ದೈವಸಂಕಲ್ಪ ಕಂಡವರು ಆಗಲೇ ಬಹಳ ಮಂದಿ ಇದ್ದರು. ನನಗೆ ಕಾಣುವುದು ಬರೀ ಗಣಿತ. 23 ಜನ ಒಂದೆಡೆ ಸೇರಿದರೆ ಅವರಲ್ಲಿ ಯಾರಾದರೂ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬೀಳುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು. ಇನ್ನು ಇತಿಹಾಸದ ಸಾವಿರಾರು ಹೆಸರುಗಳನ್ನು 366 ಮನೆಗಳಲ್ಲಿ ತುಂಬಿದರೆ ಬೆರಗುಗೊಳಿಸುವ ಜೋಡಿಗಳು ಸಿಗದಿದ್ದರೇ ಆಶ್ಚರ್ಯ. ಸ್ಟೀಫನ್ ಹಾಕಿಂಗ್ ಹುಟ್ಟಿದ್ದು ಗೆಲಿಲಿಯೊ ಸತ್ತು ಸರಿಯಾಗಿ 300 ವರ್ಷಕ್ಕೆ, 1942ರ ಜನವರಿ 8ರಂದು. ಅದನ್ನು ಹೇಳಿಕೊಳ್ಳುವಾಗ, ಆ ದಿನ ಇನ್ನೂ ಸುಮಾರು ಎರಡು ಲಕ್ಷ ಮಕ್ಕಳು ಹುಟ್ಟಿರಬಹುದು ಎಂದೂ ಅವರೇ ಸೇರಿಸುತ್ತಿದ್ದರು. ಅವರು ತೀರಿಕೊಂಡ ಮಾರ್ಚ್ 14 ಐನ್‌ಸ್ಟೀನ್ ಹುಟ್ಟಿದ ದಿನ. ಇದಕ್ಕೂ ಅವರ ಆ ಮಾತೇ ಸಾಕು.

ಆದ್ದರಿಂದ ನನ್ನ ಕೋರಿಕೆ ಸಣ್ಣದು. ಕ್ಯಾಲೆಂಡರ್ ಬದಲಾದ ಕಾಲದ ಘಟನೆಗಳ ಮುಂದೆ ‘ಹಳೆಯ ಲೆಕ್ಕ’, ‘ಹೊಸ ಲೆಕ್ಕ’ ಎಂದು ಗುರುತು ಹಾಕಿ. ತಾರೀಕು ದೇಶದಿಂದ ದೇಶಕ್ಕೆ ಬದಲಾಗುವ ಕಡೆ ‘ಸ್ಥಳೀಯ ಕಾಲಮಾನ’ ಎಂದು ಸೂಚಿಸಿ. ಜಾಗ ಸಾಲದಿದ್ದರೆ ಹತ್ತು ಘಟನೆಗಳ ಬದಲು ನಾಲ್ಕನ್ನೇ ಕೊಡಿ, ಆದರೆ ಅವು ಯಾಕೆ ನಡೆದವು ಎಂಬುದಕ್ಕೂ ಒಂದು ಸಾಲು ಮೀಸಲಿಡಿ.

ಕೊನೆಯದಾಗಿ ಒಂದು ಪ್ರಶ್ನೆ. ಮೊರಾರ್ಜಿ ದೇಸಾಯಿ ಹುಟ್ಟಿದ್ದು 1896ರ ಫೆಬ್ರುವರಿ 29ರಂದು. 1900 ಅಧಿಕ ವರ್ಷವಾಗಿರಲಿಲ್ಲ, ಹಾಗಾಗಿ ಅವರ ಮೊದಲ ‘ಅಸಲಿ’ ಹುಟ್ಟುಹಬ್ಬ ಬಂದದ್ದು ಎಂಟು ವರ್ಷ ತುಂಬಿದಾಗ. ಫೆಬ್ರುವರಿಗೆ 28 ದಿನಗಳೇ ಇರುವ ವರ್ಷಗಳಲ್ಲಿ ಅವರ ಹೆಸರನ್ನು 28ರಂದು ಹಾಕುತ್ತೀರೋ, ಮಾರ್ಚ್ 1ರಂದು ಹಾಕುತ್ತೀರೋ, ಅಥವಾ ಬಿಟ್ಟೇಬಿಡುತ್ತೀರೋ?

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ