ತೋಟಕ್ಕೆ ಗಾಡಿ ತಗೊಳ್ಳುವ ಮೊದ್ಲು

ಮಾನ್ಯ ಸಂಪಾದಕರೇ,

ನಮ್ಮ ಕಾರ್ಕಳ, ಹೆಬ್ರಿ ಕಡೆ ಸಣ್ಣ ತೋಟದವರು ಕೆಲವರು ಎಟಿವಿ, ಅಂದ್ರೆ ದಪ್ಪ ಟೈರಿನ ನಾಲ್ಕು ಚಕ್ರದ ಸಣ್ಣ ತೆರೆದ ಗಾಡಿ, ತಗೊಳ್ಳುವ ಅಂತ ಹೊರಟಿದ್ದಾರೆ, ವಿಡಿಯೋ ನೋಡಿದ್ರೆ ಆಸೆ ಆಗುದು ಸಹಜ, ಆದ್ರೆ ಅದನ್ನು ನಮ್ಮಲ್ಲಿ ಸಾಮಾನ್ಯವಾಗಿ ರಸ್ತೆಗೆ ರಿಜಿಸ್ಟ್ರೇಶನ್ ಮಾಡ್ಲಿಕ್ಕೆ ಆಗುದಿಲ್ಲ, ತೋಟದ ಒಳಗೆ ಮಾತ್ರ ಓಡಿಸ್ಬೇಕು, ಹಾಗಾದ್ರೆ ಅಡಿಕೆ ಗೋಣಿ ಪೇಟೆಗೆ ಹೋಗುದು ಹೇಗೆ?

ಮಳೆಗಾಲದಲ್ಲಿ ನಮ್ಮ ಮುರಕಲ್ಲಿನ ಏರು ಪಾಚಿ ಹಿಡಿದು ಜಾರ್ತದೆ, ಟೂ ವೀಲ್ ಡ್ರೈವ್, ಅಂದ್ರೆ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಇಂಜಿನ್ ಬಲ ಸಿಗುವ ಪಿಕಪ್ ಖಾಲಿ ಇದ್ರೆ ಹಿಂದೆ ಭಾರ ಇಲ್ಲದೆ ಚಕ್ರ ಸುಮ್ಮನೆ ತಿರುಗ್ತದೆ. ನಾಲ್ಕೂ ಚಕ್ರಕ್ಕೆ ಬಲ ಸಿಗುವ ಫೋರ್ ವೀಲ್ ಡ್ರೈವ್, ಅದ್ರಲ್ಲೂ ನಿಧಾನಕ್ಕೆ ಹೆಚ್ಚು ಬಲ ಕೊಡುವ ಲೋ ಗೇರ್ ಇರುವ ಜೀಪಾದ್ರೆ ನಿಧಾನಕ್ಕೆ ಎಳೀತದೆ, ಇಳಿಜಾರಲ್ಲಿ ಇಂಜಿನ್ನೇ ಗಾಡಿಯನ್ನು ಹಿಡ್ಕೊಳ್ತದೆ, ಬ್ರೇಕ್ ಒತ್ತಿ ಜಾರುವ ಹೆದರಿಕೆ ಕಡಿಮೆ. ಮಾರುತಿಯವರ ಜಿಪ್ಸಿ ಜೀಪು 2019ಕ್ಕೆ ನಿಂತಿತು, ಹಳೇದು ತಗೊಳ್ಳುವವರು ಗಾಡಿಯ ಅಡಿಗೆ ಮಲಗಿ ಚಾಸಿಯ, ಅಂದ್ರೆ ಕೆಳಗಿನ ಕಬ್ಬಿಣದ ಚೌಕಟ್ಟಿನ, ತುಕ್ಕು ನೋಡ್ಲೇಬೇಕು, ಕಡಲ ಗಾಳಿಯ ಊರು ಇದು. ಸಮತಟ್ಟು ಗದ್ದೆಯವರಿಗೆ ಟ್ರೈಲರ್ ಹಾಕಿದ ಪವರ್ ಟಿಲ್ಲರೇ ಸಾಕು, ಉಳುಮೆನೂ ಆಗ್ತದೆ.

ಇನ್ನೊಂದು, ಹಂದಿ ಬೇಟೆಗೂ ಆಗ್ತದೆ ಅಂತ ಗಾಡಿ ನೋಡುವವರು ಇದ್ದಾರೆ. ದಯವಿಟ್ಟು ಬೇಡ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದು ಅಪರಾಧ, ಬಳಸಿದ ವಾಹನವನ್ನೂ ಜಪ್ತಿ ಮಾಡ್ತಾರೆ. ಹಂದಿ ಕಾಟ ನಿಜ, ಬೆಳಗ್ಗೆ ಎದ್ದು ನೋಡಿದ್ರೆ ಬಾಳೆ, ಗೆಣಸು ಎಲ್ಲ ಹೋಗಿರ್ತದೆ, ಹೊಟ್ಟೆ ಉರೀತದೆ. ಅದಕ್ಕೆ ಸೋಲಾರ್ ಬೇಲಿ ಹಾಕಿ, ಹಾನಿಗೆ ಅರಣ್ಯ ಇಲಾಖೆಗೆ ಅರ್ಜಿ ಕೊಡಿ.

ಕೃಷಿ ಮೇಳ ಮಾಡುವವರಲ್ಲಿ ಒಂದು ವಿನಂತಿ, ಗಾಡಿಗಳನ್ನು ಮೈದಾನದಲ್ಲಿ ಸಾಲಾಗಿ ನಿಲ್ಲಿಸಿದ್ರೆ ಸಾಲದು, ಜಾರುವ ಏರಿನಲ್ಲಿ ಗೋಣಿ ತುಂಬಿ ಓಡಿಸಿ ತೋರಿಸಿ.

– ಒಬ್ಬ ಅಡಿಕೆ ಬೆಳೆಗಾರ, ಕಾರ್ಕಳ